ಸೆಪ್ಟೆಂಬರಿನ ಹಸಿ ಗೋಧಿ

ಮಂಗಳೂರಿನಿಂದ ಸಿಡ್ನಿಗೆ ಬಂದ ಮೇಲೆ ಆರು ವರ್ಷ ನಾನು ಹೊಸ ತೆನೆಯ ಊಟ ಮಾಡಿರಲಿಲ್ಲ. ಇದನ್ನು ಹೇಳಿದಾಗಲೆಲ್ಲ ನನ್ನ ಗಂಡ ಲ್ಯಾನ್ಸ್‌ಲೊಟ್, "ಊಟಕ್ಕೆ ಕಡಿಮೆಯಾದದ್ದು ಎಂತ ಮಾರಾಯ್ತಿ ನಿನಗೆ?" ಎಂದು ನಗುತ್ತಿದ್ದರು. ಹಿಟ್ಟಿನ ಮಿಲ್ಲಿನ ಲ್ಯಾಬಿನಲ್ಲಿ ದಿನವಿಡೀ ಗೋಧಿ ಪರೀಕ್ಷಿಸುವ ಮನುಷ್ಯನಿಗೆ ಕಾಳೆಂದರೆ ಬರೀ ಕಾಳು.

ನಮ್ಮೂರಿನ ಕ್ರಿಶ್ಚಿಯನ್ನರ ಮನೆಗಳಲ್ಲಿ ಹಾಗಲ್ಲ. ಸೆಪ್ಟೆಂಬರ್ ಎಂಟಕ್ಕೆ, ಏಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬದಂದು, ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರುತ್ತದೆ. ನಾಲ್ಕು ಕಾಳು ಸುಲಿದು ಪಾಯಸಕ್ಕೆ ಹಾಕಿ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣಬೇಕು. ದೂರದಲ್ಲಿರುವವರಿಗೆ ಲಕೋಟೆಯಲ್ಲಿ ಕಾಳು ಕಳಿಸುವುದೂ ಉಂಟು. ದುಬೈಯಲ್ಲಿರುವ ನನ್ನ ತಂಗಿಗೆ ಅದು ತಲುಪುತ್ತಿತ್ತು, ನನಗಿಲ್ಲ. ಹೊರಗಿನ ಬೀಜವೆಂದರೆ ಹಾವು ಕಂಡ ಹಾಗೆ ಬೆಚ್ಚುವ ದೇಶ ಇದು. ಅಮ್ಮನ ಕಾಗದ ಬರುತ್ತಿತ್ತು, ಕಾಳು ಬರುತ್ತಿರಲಿಲ್ಲ.

ಅಷ್ಟರಲ್ಲಿ ಗೋಧಿಯ ಕಾನೂನು ಬದಲಾಯಿತು. ಮೊದಲೆಲ್ಲ ರೈತರು ಬೆಳೆದದ್ದನ್ನು ಗೋಧಿ ಮಂಡಳಿಗೇ ಕೊಡಬೇಕಿತ್ತು; ಮಂಡಳಿ ಎಲ್ಲರದ್ದನ್ನೂ ಒಂದೇ ರಾಶಿಗೆ ಸೇರಿಸಿ ಮಿಲ್ಲುಗಳಿಗೆ ಮಾರುತ್ತಿತ್ತು. ಎಂಬತ್ತೊಂಬತ್ತರಲ್ಲಿ, ದೇಶದೊಳಗೆ ಯಾರು ಯಾರಿಗೆ ಬೇಕಾದರೂ ಮಾರಬಹುದು ಎಂದಾಯಿತು. ಮರುವರ್ಷ ಆಗಸ್ಟಿನಲ್ಲಿ ನೋರ್ಮನ್ ಎಂಬ ರೈತರು ಎಂಟು ಗಂಟೆ ಗಾಡಿ ಓಡಿಸಿಕೊಂಡು, ಜಾಮಿನ ಬಾಟಲಿಯಲ್ಲಿ ಹಿಂದಿನ ಬೆಳೆಯ ಗೋಧಿ ತುಂಬಿಕೊಂಡು ಮಿಲ್ಲಿಗೆ ಬಂದರು. ಲ್ಯಾನ್ಸ್‌ಲೊಟ್ ಪರೀಕ್ಷಿಸಿ, ಒಳ್ಳೆಯ ಕಾಳು, ಹೊಸ ಬೆಳೆ ಬಂದ ಮೇಲೆ ನೋಡೋಣ ಎಂದರು. ನೋರ್ಮನ್ ಹೊರಡುವಾಗ ಇವರಿಗೆ ಅದೇನು ಹೊಳೆಯಿತೋ, "ನನ್ನ ಹೆಂಡತಿಗೆ ನಾಲ್ಕು ಹಸಿ ತೆನೆ ಸಿಗ್ತದಾ?" ಎಂದು ಕೇಳಿಬಿಟ್ಟರಂತೆ. ನನಗಾಗಿ ಯಾರ ಹತ್ತಿರವೂ ಏನೂ ಕೇಳಿದವರಲ್ಲ ಅವರು. ಆ ಸಂಜೆ ಅವರ ತಟ್ಟೆಗೆ ಎರಡು ಮೀನು ಹೆಚ್ಚೇ ಬಿತ್ತು.

ನಾಲ್ಕು ಕೇಳಿದರೆ ಒಂದು ಕಟ್ಟು ಬಂತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನ ಪಾರ್ಸೆಲ್ಲಿನಲ್ಲಿ. ಪಾದ್ರಿಗಳು ಆಶೀರ್ವದಿಸಿದರು. ಉಗುರಿನಲ್ಲಿ ಸುಲಿದರೆ ಕಾಳಿನೊಳಗೆ ಇನ್ನೂ ಹಾಲು. ಆಸೆ ತಡೆಯದೆ ಒಂದು ಹಿಡಿ ಅರೆದು ಪಾಯಸಕ್ಕೆ ಹಾಕಿದೆ. ಮಗ ಕೆಲ್ವಿನ್ ಚಮಚ ಬಾಯಿಗಿಟ್ಟವನೇ, "ಮಮ್, ಇಟ್ಸ್ ಜಸ್ಟ್ ಗ್ರಾಸ್" ಎಂದ. ಕಪಾಳಕ್ಕೆ ಒಂದು ಕೊಡಬೇಕೆನಿಸಿತು. ಆದರೆ ಹುಡುಗ ಹೇಳಿದ್ದು ನಿಜ, ಹುಲ್ಲಿನ ರುಚಿಯೇ. ಆರು ವರ್ಷ ಕಾದದ್ದು ಇದಕ್ಕಾ ಎಂದು ಅಡುಗೆಮನೆಗೆ ಹೋಗಿ ಅತ್ತೆ.

ಕೊಯ್ಲಿನ ಹೊತ್ತಿಗೆ ಮಳೆ ಸುರಿದು ನೋರ್ಮನ್ನರ ಗೋಧಿ ತೆನೆಯಲ್ಲೇ ಮೊಳೆಯಿತು. ಅಂಥ ಹಿಟ್ಟಿನಲ್ಲಿ ಬ್ರೆಡ್ ಸರಿಯಾಗಿ ಆಗುವುದಿಲ್ಲ. ಮತ್ತೆ ಬಾಟಲಿ ಹಿಡಿದು ಮಿಲ್ಲಿಗೆ ಬಂದವರಿಗೆ ಬೇಡ ಎಂದು ಹೇಳಬೇಕಾದವರು ಲ್ಯಾನ್ಸ್‌ಲೊಟ್. ಹೇಳಿದರು. ಹೆಂಡತಿಗೆ ತೆನೆ ಕೇಳಿ ಪಡೆದವನು ಗೋಧಿ ಕೊಳ್ಳದೆ ಇರುತ್ತಾನೆಯೇ ಎಂದು ನೋರ್ಮನ್ ಬೇರೆ ಮಿಲ್ಲುಗಳನ್ನು ವಿಚಾರಿಸಿಯೇ ಇರಲಿಲ್ಲವಂತೆ. ಬೆಳೆದದ್ದನ್ನೆಲ್ಲ ಕೊಳ್ಳುತ್ತಿದ್ದ ಮಂಡಳಿಯ ಕಾಲದ ಮನುಷ್ಯ. ಇನ್ನು ಆ ಬೆಳೆಯೆಲ್ಲ ಹಂದಿ, ಕೋಳಿಗಳ ಪಾಲು.

ಲ್ಯಾನ್ಸ್‌ಲೊಟ್ ಮಿಲ್ಲಿನಿಂದ ನನಗೆ ಫೋನ್ ಮಾಡಿ ಇಷ್ಟು ಹೇಳಿ ಅರ್ಧ ಗಂಟೆಯೂ ಆಗಿರಲಿಲ್ಲ, ಗೇಟಿನ ಹತ್ತಿರ ಒಂದು ಗಾಡಿ ನಿಂತಿತು. ಪಾರ್ಸೆಲ್ ಕಳಿಸಿದವರಿಗೆ ವಿಳಾಸ ಗೊತ್ತಿರದೇ ಇರುತ್ತದೆಯೇ? ತೆನೆಗೆ ಆಸೆಪಟ್ಟವಳು ನಾನು, ಬೈಸಿಕೊಳ್ಳುವವಳೂ ನಾನೇ ಎಂದು ಬಾಗಿಲು ತೆಗೆದೆ. ನೋರ್ಮನ್ ತಲೆಯ ಮೇಲಿನ ಟೋಪಿ ತೆಗೆದರು.

"ಒಂದು ಮಾತು ಕೇಳಿ ಹೋಗ್ತೇನೆ, ಬರ್ಥಾ. ತೆನೆ ಹೇಗಿತ್ತು? ಮೂವತ್ತು ವರ್ಷ ಗೋಧಿ ಬೆಳೆದೆ. ತಿಂದವರು ಯಾರು ಅಂತ ಗೊತ್ತಾದದ್ದು ಇದೊಂದೇ ಸಲ."

ಚಂದ ಇತ್ತು ಎಂದು ಹೇಳಿ ಕಳಿಸಬಹುದಿತ್ತು.

"ನಮ್ಮ ಊರಿನದ್ದರ ಹಾಗೆ ಇರ್ಲಿಲ್ಲ," ಎಂದೆ. "ನಾನು ಅತ್ತುಬಿಟ್ಟೆ."

"ನನ್ನ ಗೋಧಿಗೆ ಒಬ್ರಾದ್ರೂ ಅತ್ರಲ್ಲ," ಎಂದರು. ತಮಾಷೆ ಮಾಡುತ್ತಿರಲಿಲ್ಲ.

"ಬರುವ ವರ್ಷ ನೀವೇ ತನ್ನಿ. ನಮ್ಮೊಟ್ಟಿಗೆ ಕೂತು ಊಟ ಮಾಡಿ."

"ಬಿತ್ತಿದ್ರೆ ತರ್ತೇನೆ. ಇನ್ನು ಕುರಿ ಸಾಕುವ ಅಂತ ಯೋಚನೆ ಉಂಟು."

ಒಂದು ಲೋಟ ಚಹಾ ಕುಡಿಯಲಿಕ್ಕೂ ನಿಲ್ಲದೆ ಹೊರಟುಹೋದರು.

ಅಮ್ಮನ ಗದ್ದೆಯಲ್ಲಿ ನಾನಿಲ್ಲದಿದ್ದರೂ ನಾಟಿಯಾಗುತ್ತದೆ, ತೆನೆ ಬಿಡುತ್ತದೆ. ಮರುವರ್ಷ, ಇಲ್ಲಿನವರು ಗೋಧಿ ಬಿತ್ತುವ ಮೇ ತಿಂಗಳಿಡೀ ನನ್ನ ಜೀವ ಒದ್ದಾಡಿದ್ದು ನಾನು ಒಮ್ಮೆಯೂ ಕಾಣದ ನೋರ್ಮನ್ನರ ಹೊಲಕ್ಕಾಗಿ. ಬಿತ್ತಿದಿರಾ ಎಂದು ಕೇಳಲು ದಿನಾ ಫೋನ್ ಎತ್ತುತ್ತಿದ್ದೆ, ಇಡುತ್ತಿದ್ದೆ. ಗೋಧಿ ಬೇಡ ಎಂದವರ ಮನೆಯವಳು ಯಾವ ಬಾಯಲ್ಲಿ ಕೇಳಲಿ?