ಓದದೇ ಹೊಗಳಿದ ನಾಟಕ

ಚಿತ್ತಾಪುರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ವಿಠ್ಠಲಾಚಾರ್ಯ ಜೋಶಿಯವರು ಏಕಾಂಕ ನಾಟಕಗಳನ್ನು ಬರೆಯುತ್ತಿದ್ದರು. ಒಂದರಲ್ಲೂ ಕೊನೆಗೆ ಯಾರೂ ಬದುಕಿ ಉಳಿಯುತ್ತಿರಲಿಲ್ಲ. ವಿಷ, ಹಾವು, ಬಾವಿ, ಕಾಲರಾ, ಯಾವುದಾದರೊಂದು ಬಂದು ರಂಗವನ್ನು ಗುಡಿಸಿಕೊಂಡು ಹೋಗುತ್ತಿತ್ತು. ದಂಡೋತಿಯಲ್ಲಿ ಒಮ್ಮೆ ಪರದೆ ಎಳೆಯುವವನಿಗೂ ಪಾತ್ರ ಕೊಟ್ಟು ಕೊಂದುಬಿಟ್ಟಿದ್ದರಿಂದ ಹೆಣವೇ ಎದ್ದು ಹೋಗಿ ಪರದೆ ಎಳೆಯಬೇಕಾಯಿತು. ಜನ ಚಪ್ಪಾಳೆ ಹೊಡೆದದ್ದು ಅದೊಂದಕ್ಕೇ. ಆಚಾರ್ಯರು ಮಾತ್ರ ಅದನ್ನು ತಮ್ಮ ನಾಟಕಕ್ಕೆ ಬಿದ್ದ ಚಪ್ಪಾಳೆ ಎಂದೇ ತಿಳಿದಿದ್ದರು.

“ಮುತ್ತೈದಿ ಇರೋ ಮನಿರಿ ಇದು. ದಿನಾ ಕುಂತು ಇಷ್ಟು ಹೆಣ ಕೆಡವಬ್ಯಾಡ್ರಿ,” ಎಂದು ಹೆಂಡತಿ ಲಕ್ಷ್ಮೀಬಾಯಿ ಹೇಳುತ್ತಲೇ ಇದ್ದಳು. ಆಚಾರ್ಯರು ಬಲಗೈಯ ತೋರುಬೆರಳನ್ನು ಮೇಲೆತ್ತಿ, “ಅಂದರೆ ಏನಾಯಿತು? ಸಾವೇ ಸತ್ಯ ಎಂದಾಯಿತು,” ಎನ್ನುತ್ತಿದ್ದರು. ಬೆರಳೆತ್ತುವುದೂ, “ಅಂದರೆ ಏನಾಯಿತು” ಎನ್ನುವುದೂ ಅವರಿಗೆ ತರಗತಿಯಿಂದ ಅಂಟಿಕೊಂಡ ಚಾಳಿ.

ತೊಂಬತ್ತೇಳರ ದಸರೆ ಮುಗಿದ ಮೇಲೆ ವಾಡಿಯಿಂದ ವಂದನಾ ಎಂಬಾಕೆ ಅವರ ಮನೆ ಹುಡುಕಿಕೊಂಡು ಬಂದಳು. ವಾಡಿಯ ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬಾಲವಾಡಿ ನಡೆಸುತ್ತಿದ್ದ ಆಕೆ ಅಲ್ಲಿಯ ಹೆಂಗಸರನ್ನು ಕೂಡಿಸಿ ನಾಟಕ ಆಡಿಸುತ್ತಿದ್ದಳು. ರಾಜ್ಯೋತ್ಸವಕ್ಕೆ ಅರ್ಧ ತಾಸಿನ ನಾಟಕವೊಂದು ಬೇಕಾಗಿತ್ತು. ಆಚಾರ್ಯರು ಮಾತು ಮುಗಿಯುವ ಮೊದಲೇ ಕಪಾಟಿನಿಂದ ತಮ್ಮ ಗಂಟು ಇಳಿಸಿದರು.

ವಂದನಾ ತಲೆ ತಗ್ಗಿಸಿದಳು. “ನಿಮ್ಮವು ಭಾಳ ದೊಡ್ಡವು ಆಗ್ತಾವ್ರಿ ಸರ್. ಬ್ಯಾರೆ ಯಾರರೆ ಬರದದ್ದು ಹೇಳ್ರಿ. ನಿಮಗ ಎಲ್ಲಾ ನಾಟಕಕಾರರು ಗೊತ್ತಲ್ಲ. ಮತ್ತ…” ಎಂದು ತಡೆದು, “ಮಂದಿ ಸ್ವಲ್ಪ ಕಡಿಮಿ ಸಾಯೋದಿದ್ರ ಛಲೋ,” ಎಂದಳು.

ಒಳಗೆ ಚಹಾ ಸೋಸುತ್ತಿದ್ದ ಲಕ್ಷ್ಮೀಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆಚಾರ್ಯರಿಗೆ ಮೈಯೆಲ್ಲ ಉರಿಯಿತು. ಆದರೆ ಉರಿಯನ್ನು ತೋರಿಸಿಕೊಳ್ಳುವುದು ದೊಡ್ಡ ಲೇಖಕರ ಲಕ್ಷಣವಲ್ಲ. ಆಗ ಅವರಿಗೆ ಬಂದೇಅಲಿಯ ನೆನಪಾಯಿತು. ಬಂದೇಅಲಿ ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗುವುದು ಅವನ ಕೆಲಸ. ಒಂದು ಬಸ್ಸು ಹೋಗಿ ಇನ್ನೊಂದು ಬರುವುದರೊಳಗೆ ನಾಟಕ ಬರೆಯುವುದು ಅವನ ಹವ್ಯಾಸ. ವರ್ಷದ ಹಿಂದೆ ‘ಕೊನೆಯ ಅಂಕ’ ಎಂಬ ತನ್ನ ನಾಟಕವನ್ನು ಆಚಾರ್ಯರ ಕೈಗೆ ಕೊಟ್ಟು, ಅಭಿಪ್ರಾಯ ತಿಳಿಸಿರೆಂದು ಕೈಮುಗಿದು ಹೋಗಿದ್ದ. ಅವರು ಅದರ ಪುಟ ತೆರೆಯದೆ, ಮುಂದಿನ ವಾರ ಸಿಕ್ಕಾಗ, “ಗಂಭೀರ ಕೃತಿ ಬಂದೇಅಲಿಯವರೇ, ಭಾಳ ಗಂಭೀರ,” ಎಂದಿದ್ದರು. ಆ ನಾಟಕ ತೆಳ್ಳಗಿತ್ತು; ಅದರ ಬಗ್ಗೆ ಅವರಿಗೆ ಗೊತ್ತಿದ್ದದ್ದು ಅಷ್ಟೇ.

ಬಸ್‌ಸ್ಟ್ಯಾಂಡಿನ ನಾಟಕ ಹೇಗಿದ್ದೀತು! ಅದು ಬಿದ್ದರೆ ತಮ್ಮ ನಾಟಕದ ಬೆಲೆ ವಾಡಿಯವರಿಗೆ ತಿಳಿಯುತ್ತದೆ. ಅಕಸ್ಮಾತ್ ನಿಂತರೂ ಒಬ್ಬ ಲೇಖಕನನ್ನು ಮೇಲೆತ್ತಿದ ಕೀರ್ತಿ ತಮಗೇ. ಹೀಗೆ ಲೆಕ್ಕ ಹಾಕಿ ಅದನ್ನೇ ವಂದನಾಳ ಕೈಗಿಟ್ಟರು. ಆಕೆ ಆಮಂತ್ರಣ ಪತ್ರಿಕೆಗೆ ಎರಡು ಸಾಲು ಬರೆದುಕೊಡಿ ಎಂದಾಗ ಒಂದು ಪುಟವನ್ನೇ ಬರೆದರು: “ಮೃತ್ಯುವಿನ ಗಹನ ರಹಸ್ಯವನ್ನು ಶೋಧಿಸುವ ಈ ಕೃತಿಯನ್ನು ಹಲವು ಸಲ ಓದಿ ಕಣ್ಣೀರಾಗಿದ್ದೇನೆ. ಇದರಲ್ಲಿ ನಾನು ನನ್ನನ್ನೇ ಕಂಡೆ.”

ಮರುದಿನ ವಂದನಾ ಸಾಲೆಗೆ ಫೋನು ಮಾಡಿದಳು. ದನಿ ಯಾಕೋ ನಡುಗುತ್ತಿತ್ತು. “ಸರ್, ನಾ ಓದಿದೆ. ಖರೇನೇ ಇದನ್ನ ಆಡ್ಲೇನ್ರಿ? ನಿಮಗ ಏನೂ ಅನ್ಸಂಗಿಲ್ಲ?”

“ಒಂದಕ್ಷರ ಬದಲಿಸಬೇಡಮ್ಮ,” ಎಂದರು ಆಚಾರ್ಯರು.

ನವೆಂಬರ್ ಒಂದರ ಸಂಜೆ ಕ್ವಾರ್ಟರ್ಸಿನ ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸೋಫಾದಲ್ಲಿ ಆಚಾರ್ಯರು, ಪಕ್ಕದಲ್ಲಿ ಬಂದೇಅಲಿ. ವಂದನಾ ಶಿಫಾರಸಿನ ಪುಟವನ್ನು ಪೂರ್ತಿ ಓದಿದಳು. “ನನ್ನನ್ನೇ ಕಂಡೆ” ಎಂಬಲ್ಲಿ ಪರದೆಯ ಹಿಂದೆ ಯಾರೋ ಹೆಂಗಸು ಕಿಸಕ್ಕೆಂದಳು.

ಪರದೆ ಸರಿಯಿತು. ಕ್ವಾರ್ಟರ್ಸಿನ ಭಾಗಮ್ಮ ಕಚ್ಚೆಪಂಚೆ ಉಟ್ಟು, ಕಪಾಳಕ್ಕೆ ಮುದ್ರೆ ಹಚ್ಚಿಕೊಂಡು, ಕಂಕುಳಲ್ಲಿ ಹಾಳೆಗಳ ದೊಡ್ಡ ಗಂಟು ಇರುಕಿಕೊಂಡು ಬಂದು ನಿಂತಳು. ಬಲಗೈಯ ತೋರುಬೆರಳನ್ನು ಮೇಲೆತ್ತಿ, “ಅಂದರೆ ಏನಾಯಿತು?” ಎಂದಳು. ಬಯಲಿಗೆ ಬಯಲೇ ಹೋ ಎಂದಿತು. ಚಿತ್ತಾಪುರದ ಸಾಲೆಯಲ್ಲಿ ಕಲಿತವರು ವಾಡಿಯ ತುಂಬ ಇದ್ದರು.

ಅದು ನಾಟಕದೊಳಗಿನ ನಾಟಕ. ಒಬ್ಬ ಮಾಸ್ತರ ಊರ ಹೆಂಗಸರಿಗೆ ತಾಲೀಮು ಕೊಡುತ್ತಿದ್ದಾನೆ, ಎಲ್ಲರೂ ಸಾಯಬೇಕು. ಒಬ್ಬಾಕೆ ವಿಷ ಕುಡಿದು ಸತ್ತಳು. ಇನ್ನೊಬ್ಬಾಕೆ ಬಾವಿಗೆ ಹಾರಿ ಸತ್ತು, ಸೆರಗು ಸರಿಮಾಡಿಕೊಂಡು ಮತ್ತೆ ಸತ್ತಳು. ಮೂರನೆಯವಳು ಅರ್ಧ ಸತ್ತವಳು ಎದ್ದು ಕೂತು, “ಮಾಸ್ತರ, ಒಲಿ ಮ್ಯಾಲ ಬ್ಯಾಳಿ ಇಟ್ಟು ಬಂದೀನಿ. ಇವತ್ತ ಆಗಂಗಿಲ್ಲ, ನಾಳಿ ಬಂದು ಸಾಯ್ತೀನಿ,” ಎಂದಳು. ಮಾಸ್ತರ ಅವಳ ಕಾಲಿಗೆ ಬಿದ್ದು, “ಇದೊಂದು ಸಲ ಸಾಯವ್ವ, ಸಾಹಿತ್ಯಕ್ಕಾಗಿ,” ಎಂದು ಅತ್ತ. ಜನ ಕೂತಲ್ಲಿ ಕೂರಲಾರದೆ ಒಬ್ಬರ ಮೇಲೊಬ್ಬರು ಬಿದ್ದರು.

ಆಚಾರ್ಯರ ಕಿವಿ ಕೆಂಡವಾಗಿದ್ದವು. ಬಂದೇಅಲಿಯ ಕಡೆ ತಿರುಗಿ ಹಲ್ಲು ಕಡಿಯಬೇಕೆನ್ನುವಷ್ಟರಲ್ಲಿ ಅವನೇ ಅವರ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರಿತ್ತು.

“ಆಚಾರ್ರೇ, ಮಂದಿ ಬಾಯಿಲೆ ನಿಮಗ ತಿಳಿಯೋದಕ್ಕಿಂತ ನಾನೇ ಕೊಡೋದು ಛಲೋ ಅಂತ ಅವತ್ತು ಕೊಟ್ಟಿದ್ದೆ. ಕೊಟ್ಟು ಬಂದು ಮನ್ಯಾಗ ಜ್ವರ ಹಿಡದು ಮಲಗಿದ್ದೆ. ನೀವು ‘ಗಂಭೀರ’ ಅಂದ್ರಿ. ಇವತ್ತ ಶಿಫಾರಸೂ ಮಾಡೀರಿ. ಇಷ್ಟು ದೊಡ್ಡ ದಿಲ್ ಯಾರಿಗದ ಹೇಳ್ರಿ!”

ಓದಿಲ್ಲ ಎನ್ನುವಂತಿಲ್ಲ, ಓದಿದ್ದೆ ಎನ್ನಲು ಬಾಯಿ ಬರುತ್ತಿಲ್ಲ. ಅಷ್ಟರಲ್ಲಿ ವಂದನಾ ವೇದಿಕೆಗೆ ಕರೆದಳು. ಆಚಾರ್ಯರು ಮೈಕಿನ ಮುಂದೆ ನಿಂತು, “ತನ್ನನ್ನು ನೋಡಿ ತಾನೇ ನಗುವವನು ಮಹಾತ್ಮ,” ಎಂದರು. ಬೆರಳು ತಾನಾಗಿಯೇ ಮೇಲೆದ್ದಿತ್ತು. ಅಂದು ಬಿದ್ದ ಚಪ್ಪಾಳೆ ವಾಡಿ ಸ್ಟೇಶನ್ನಿನಲ್ಲಿ ನಿಂತಿದ್ದ ಗಾಡಿಗೂ ಕೇಳಿಸಿರಬೇಕು.

ಮಹಾತ್ಮರಾದ ಮೇಲೆ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಶಹಾಬಾದಿನವರು ನಾಟಕ ಕರೆಸಿದರು, ಜೊತೆಗೆ ಮಹಾತ್ಮರನ್ನೂ ಕರೆಸಿ ಶಾಲು ಹೊದಿಸಿದರು. ಚಿಂಚೋಳಿಯಲ್ಲಿ ಕುಂಚಾವರಂ ಕಡೆಯಿಂದ ಬಂದಿದ್ದ, ತೆಲುಗನ್ನೇ ಹೆಚ್ಚು ಬಲ್ಲ ಜನ ನಾಟಕ ಶುರುವಾಗುವ ಮೊದಲೇ ಆಚಾರ್ಯರನ್ನು ನೋಡಿ ನಕ್ಕು ಮುಗಿಸಿದ್ದರು. ಪ್ರತಿ ಊರಿನಲ್ಲೂ ಅವರು ಅದೇ ನಾಟಕವನ್ನು ಬಾಯಿತುಂಬ ಶಿಫಾರಸು ಮಾಡಬೇಕಾಗುತ್ತಿತ್ತು. ಅವರ ಸ್ವಂತ ನಾಟಕಗಳನ್ನು ಮಾತ್ರ ಯಾರೂ ಕೇಳಲಿಲ್ಲ.

ಶಹಾಬಾದಿನಿಂದ ರೈಲಿನಲ್ಲಿ ಮರಳುವಾಗ, ನಕ್ಕು ನಕ್ಕು ದನಿ ಕೂತಿದ್ದ ಲಕ್ಷ್ಮೀಬಾಯಿ ಗಂಡನ ಮೊಣಕೈ ತಿವಿದಳು. “ಖರೇ ಹೇಳ್ರಿ. ಶಿಫಾರಸ್ ಮಾಡೋ ಮುಂದ ಓದಿದ್ರೇನು?”

ಆಚಾರ್ಯರು ಕಿಟಕಿಯಾಚೆಯ ಕಲ್ಲುಗಣಿಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

“ನಂಗೊತ್ತಾತು ಬಿಡ್ರಿ,” ಎಂದಳು.

ಆ ಮಾತು ಅವರನ್ನು ಕೂರಗೊಡಲಿಲ್ಲ. ರಜೆ ಬಂದದ್ದೇ ಸೇಡಂಗೆ ಹೋಗಿ ಕಂಟ್ರೋಲರ್ ಕೋಣೆಯಲ್ಲಿ ನಿಂತರು. “ಬಂದೇಅಲಿಯವರೇ, ನಾ ನಿಮ್ಮ ನಾಟಕ ಓದಿರಲಿಲ್ಲ. ಸುಳ್ಳೇ ಹೊಗಳಿದೆ. ದಿಲ್ಲೂ ಇಲ್ಲ, ಏನೂ ಇಲ್ಲ.”

ಬಂದೇಅಲಿ ಯಾದಗಿರಿ ಬಸ್ಸು ಕೂಗಿ, ಮೈಕು ಆರಿಸಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. “ಕುಂದ್ರಿ ಆಚಾರ್ರೇ, ಕುಂದ್ರಿ. ನಾನೂ ನಿಮ್ಮವು ಒಂದೂ ಓದಿಲ್ರಿ. ನಿಮ್ಮ ನಾಟಕ ನೋಡಿ ಬಂದವರ ಮಾರಿ ನೋಡಿ ಬರದೀನಿ.”

ಆಚಾರ್ಯರು ಇಷ್ಟು ದಿನ ನುಂಗಿಕೊಂಡಿದ್ದ ಸಿಟ್ಟು ಈಗ ಹೊರಬಂತು. “ಓದದೇ ಚೇಷ್ಟೆ ಮಾಡಿದಿರಾ?”

“ಓದದೇ ಹೊಗಳೋದು ನಡೀತದ, ಓದದೇ ಬೈಯೋದು ನಡ್ಯಂಗಿಲ್ಲೇನ್ರಿ? ತರ್ರಿ ಇಲ್ಲಿ. ಚೀಲದಾಗ ಇದ್ದೇ ಇರ್ತದ ನಿಮ್ಮದೊಂದು.”

ಇತ್ತು. ‘ಕರ್ಮಫಲ’. ಬಂದೇಅಲಿ ಒಂದು ಪುಟ ಓದಿ, ಆಕಳಿಸಿ, ಎರಡನೆಯ ಪುಟಕ್ಕೆ ಹೋದವನು ನೆಟ್ಟಗೆ ಕೂತ. ಆಮೇಲೆ ಏನನಿಸಿತೋ, ಮೈಕು ಹಚ್ಚಿ ಗಟ್ಟಿಯಾಗಿ ಓದತೊಡಗಿದ. ಹೆರಿಗೆಗೆ ತವರಿಗೆ ಬಂದ ಮಗಳ ಕೈಯಿಂದ ಅತ್ತೆ ಅಳಿಯನಿಗೆ ಊಟ ಹಾಕಿಸುವ ದೃಶ್ಯ. “ಅಳಿಯಂದ್ರಿಗೆ ತುಪ್ಪ ಬಡಸವ್ವ, ಕೈ ಬಿಗಿ ಹಿಡೀಬ್ಯಾಡ. ಚಮಚ ಮಾತ್ರ ನನ್ನ ಕೈಯಾಗ ಇರ್ಲಿ.” ಲೋಭದ ಸಂಕೇತವೆಂದು ಆಚಾರ್ಯರು ಆಕೆಯನ್ನು ಸೃಷ್ಟಿಸಿದ್ದರು; ಬಸ್‌ಸ್ಟ್ಯಾಂಡಿನ ಜನ ಆಕೆಯನ್ನು ಸ್ವಂತ ಅತ್ತೆಯಂತೆ ಗುರುತು ಹಿಡಿದು ನಗುತ್ತಿದ್ದರು. ಚಿಂಚೋಳಿ ಬಸ್ಸು ಬಂದು ನಿಂತಿತು. ಕಂಡಕ್ಟರ್ ಸೀಟಿ ಊದಿದ. ಯಾರೂ ಏಳಲಿಲ್ಲ. ಗಂಟು ಹೊತ್ತ ಮುದುಕಿಯೊಬ್ಬಳು ಅವನನ್ನು ಗದರಿಸಿದಳು: “ತಡಿಯಪ್ಪ, ತುಪ್ಪ ಹಾಕಿದ್ಲೋ ಇಲ್ಲೋ ಕೇಳ್ಲಿಕತ್ತೀನಿ!”

ಆಚಾರ್ಯರು ಕೋಣೆಯ ಬಾಗಿಲಿಗೆ ಬಂದು ನಿಂತರು. ತಮ್ಮ ಮಾತಿಗಾಗಿ ಜನ ಬಸ್ಸು ಬಿಡುವುದನ್ನು ಅವರು ಕನಸಿನಲ್ಲೂ ಕಂಡವರಲ್ಲ.

ಅಷ್ಟರಲ್ಲಿ ನಾಟಕದಲ್ಲಿ ಹಾವು ಬಂತು. ಅತ್ತೆಯನ್ನು ಕಚ್ಚಿತು. ಅತ್ತೆ ಸಾಯುತ್ತ ಕರ್ಮದ ಬಗ್ಗೆ ಮಾತಾಡತೊಡಗಿದಳು. ಮುದುಕಿ ಗಂಟು ಎತ್ತಿಕೊಂಡಳು. ಅವಳ ಹಿಂದೆ ಎಲ್ಲರೂ ಎದ್ದರು. ಅತ್ತೆಯ ಪ್ರಾಣ ಹೋಗುವಷ್ಟರಲ್ಲಿ ಬಸ್ಸು ತುಂಬಿ ಹೋಗಿತ್ತು. ಬೆಂಚಿನ ಮೇಲೆ ಒಂದು ನಾಯಿ ಮಾತ್ರ ಉಳಿದಿತ್ತು, ಅದೂ ನಿದ್ದೆಯಲ್ಲಿ.

“ಹಾವು ಯಾಕ ಬಂತ್ರಿ?” ಎಂದ ಬಂದೇಅಲಿ.

“ಅದು ಅವಳ ಕರ್ಮ.”

“ಇಲ್ರಿ. ಅದು ನಿಮ್ಮ ಕರ್ಮ. ಅಕಿ ಪಾಡಿಗೆ ಅಕಿ ತುಪ್ಪ ಬಡಸಲಿಕತ್ತಿದ್ಲು.”

ಆಚಾರ್ಯರು ಹಾಳೆಗಳನ್ನು ಕಸಿದುಕೊಂಡು ಮನೆಗೆ ಬಂದರು. ಎರಡು ದಿನ ಬಂದೇಅಲಿಯನ್ನು ಬೈದರು. ಮೂರನೆಯ ದಿನ ಹಾವನ್ನು ತೆಗೆದರು. ಹಲ್ಲು ಕೀಳಿಸಿಕೊಂಡಷ್ಟು ನೋವಾಯಿತು. ಹಾವು ಹೋದ ಮೇಲೆ ಬಾವಿಯೂ ಬೇಡವೆನಿಸಿತು. ಕೊನೆಗೆ ಉಳಿದದ್ದು ಒಂದು ಊಟ, ಒಬ್ಬ ಅತ್ತೆ, ಬಡಿಸುವ ಮಗಳು, ಹಸಿದ ಅಳಿಯ. ಆಚಾರ್ಯರು ಅದನ್ನು ಸೇಡಂಗೆ ಒಯ್ದು ಕೊಟ್ಟಾಗ ಬಂದೇಅಲಿ ಶಿಫಾರಸು ಬರೆದು ವಂದನಾಳಿಗೆ ಕಳಿಸಿದ: “ಪೂರ್ತಿ ಓದೀನಿ. ಮೊದಲನೇ ಪುಟ ಸಪ್ಪಗದ. ಮುಂದ ಭಾಳ ಛಲೋ ಅದ. ಯಾರೂ ಸಾಯಂಗಿಲ್ಲ.”

ಯುಗಾದಿಯ ಮರುದಿನ ವಾಡಿಯಲ್ಲಿ ಅದನ್ನು ಆಡಿದರು. ಅತ್ತೆಯಾದವಳು ಭಾಗಮ್ಮ. ಜನ ಮೊದಲು ನಕ್ಕರು. ಕೊನೆಗೆ ಅಳಿಯ ಎದ್ದು ಹೋದ ಮೇಲೆ ಅತ್ತೆ ಒಬ್ಬಳೇ ಕೂತು, ಖಾಲಿ ತುಪ್ಪದ ಗಡಿಗೆಯನ್ನು ಬೆರಳಿನಿಂದ ಸವರಿ, ಬಾಣಂತಿಯಾಗಲಿರುವ ಮಗಳಿಗೆಂದು ಚಿಪ್ಪಿನಲ್ಲಿ ಎತ್ತಿಟ್ಟಾಗ ಬಯಲು ಸುಮ್ಮನಾಯಿತು. ಆಚಾರ್ಯರು ಹೆಂಡತಿಯ ಕಡೆ ನೋಡಿದರು. ಲಕ್ಷ್ಮೀಬಾಯಿ ನಗುತ್ತಲೂ ಇರಲಿಲ್ಲ, ಅಳುತ್ತಲೂ ಇರಲಿಲ್ಲ. ತುಟಿ ಬಿಗಿ ಹಿಡಿದಿದ್ದಳು.

ಸ್ಟೇಶನ್ನಿಗೆ ನಡೆಯುವಾಗ ಆಕೆ ಬಾಯಿಬಿಟ್ಟಳು. “ಅದು ನಮ್ಮವ್ವ ಅಲ್ರಿ?”

ಆಕೆಯ ತಾಯಿ ತೀರಿಕೊಂಡು ನಾಲ್ಕಾರು ವರ್ಷವಾಗಿತ್ತು. ಆಚಾರ್ಯರು ಸಾಹಿತ್ಯ, ಸಂಕೇತ ಎಂದೇನೋ ಹೇಳಹೊರಟು ನಿಲ್ಲಿಸಿದರು. “ಹೌದು,” ಎಂದರು.

ಲಕ್ಷ್ಮೀಬಾಯಿ ಸರಸರನೆ ಮುಂದೆ ನಡೆದು ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಹತ್ತಿರ ನಿಂತಳು. ಇವತ್ತು ಮನೆಯಲ್ಲಿ ಊಟವಿಲ್ಲ ಎಂದು ಆಚಾರ್ಯರು ಸಿದ್ಧರಾದರು.

“ಅರ್ಧಾನೂ ಬಂದಿಲ್ಲ,” ಎಂದಳು ಆಕೆ, ಕೂತು ಸೆರಗು ಸುತ್ತಿಕೊಳ್ಳುತ್ತ. “ಅಕಿ ಬೈಯೋದು ಕೇಳೀರೇನು ನೀವು? ನೀವು ಬಂದಾಗ ಅಕಿ ಬಾಯಿ ಕಟ್ಟಿಕೊಂಡು ಇರ್ತಿದ್ಲು. ಒಮ್ಮೆ ಹಾಲಿನಾಕಿಗೆ ಏನಂದಿದ್ಲು ಅಂದ್ರ…”

ಆಕೆ ತಾಯಿಯ ದನಿಯಲ್ಲೇ ಬೈಯತೊಡಗಿದಳು. ಪಕ್ಕದಲ್ಲಿದ್ದ ಒಂದಿಬ್ಬರು ಪ್ರಯಾಣಿಕರು ಹತ್ತಿರ ಸರಿದು ಕೂತರು. ಆಚಾರ್ಯರು ಜುಬ್ಬದ ಕಿಸೆಗಳಲ್ಲಿ ಪೆನ್ನು ಹುಡುಕಿದರು, ಸಿಗಲಿಲ್ಲ. ಗಾಡಿ ಬರಲು ಇನ್ನೂ ಹೊತ್ತಿತ್ತು. ಅವರು ಸುಮ್ಮನೆ ಕೂತು ಕೇಳಿದರು.