ಯಾರೂ ಆರಿಸದ ಒಂಬತ್ತನೆಯ ದಿನ

ಫೆಬ್ರವರಿಯ ಕೊನೆಯ ಸಂಜೆ ಆಗ್ಲಾಯಾ ಸಾವೆತಾಳ ಮನೆಗೆ ಬಂದದ್ದು ದಿನ ಆರಿಸಲಿಕ್ಕೆ. ಬೇಲಿಯಾಚೆಯ ಮನೆಯವಳು, ಪ್ರತಿವರ್ಷ ಬೂಟಿನ ಕೆಸರನ್ನು ಹೊಸ್ತಿಲಲ್ಲಿ ಒದರಿ, ಒಲೆಯ ಪಕ್ಕದ ಬೆಂಚಿನ ಮೇಲೆ ಕೂತು, ಮಾರ್ಚ್ ಒಂದರಿಂದ ಒಂಬತ್ತರವರೆಗಿನ ಅಜ್ಜಿಯರ ದಿನಗಳಲ್ಲಿ ತನ್ನದೊಂದನ್ನು ಹೇಳಿ ಹೋಗುವುದು ಅವಳ ರೂಢಿ. ಆ ದಿನದ ಹವೆ ಹೇಗೋ ಅವಳ ವರ್ಷವೂ ಹಾಗೆ. ತನ್ನ ದಿನವನ್ನು ತನ್ನ ಬಾಯಿಂದಲೇ ಹೇಳಬೇಕು. ಒಂದೇ ಸೂರಿನಡಿ ಇಬ್ಬರಿಗೆ ಒಂದೇ ದಿನ ಕೂಡದು. ಪಾದ್ರಿಗಳು ಇದನ್ನೆಲ್ಲ ಒಪ್ಪುವುದಿಲ್ಲ. ಪಾದ್ರಿಗಳ ಹೆಂಡತಿ ಮಾತ್ರ ಏಳನೆಯದನ್ನು ಬಿಟ್ಟು ಬೇರೆ ದಿನ ಮುಟ್ಟಿದವಳಲ್ಲ. ಗಂಡಸರಿಗೂ ಹತ್ತನೆಯ ತಾರೀಖಿನಿಂದ ಮುದುಕರ ದಿನಗಳೆಂದು ಇವೆ. ಆದರೆ ಒಂಬತ್ತರಂದು ನಲವತ್ತು ಹುತಾತ್ಮರ ಹೆಸರಿನಲ್ಲಿ ನಲವತ್ತು ಲೋಟ ವೈನು ಕುಡಿಯುವ ಪುಣ್ಯಕಾರ್ಯ ಇರುವುದರಿಂದ, ಮರುದಿನ ಹವೆ ನೋಡುವ ಸ್ಥಿತಿಯಲ್ಲಿ ಅವರಿರುವುದಿಲ್ಲ.

"ನಂದು ಮೂರನೇದು," ಎಂದಳು ಆಗ್ಲಾಯಾ. "ಹೋದ್ಸಲ ಆರನೇದು ತಗೊಂಡೆ, ವರ್ಷ ಪೂರ್ತಿ ಮಂಡಿ ಹಿಡ್ಕೊಂತು. ನೀನು ಹೇಳೇ ಸಾವೆತಾ."

"ನಾಲ್ಕು."

"ನೀವು, ಜಂಫಿರಕ್ಕಾ?"

ಒಲೆಯ ಹಿಂದಿನ ಮಂಚದಲ್ಲಿ ಸಾವೆತಾಳ ಅತ್ತೆ ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡಳು. ಸಾವೆತಾ ಹಿಟ್ಟಿನ ಡಬ್ಬಿಯ ಮುಚ್ಚಳ ಹಿಡಿದುಕೊಂಡೇ ನಿಂತಳು. ಕ್ರಿಸ್‌ಮಸ್ಸಿನ ಹೊತ್ತಿಗೆ ಜ್ವರವೆಂದು ಮಲಗಿದ ಅತ್ತೆ, ಜ್ವರ ಬಿಟ್ಟರೂ ಮಂಚ ಬಿಟ್ಟಿರಲಿಲ್ಲ. ಡಾಕ್ಟರು ಬಂದು ಎದೆಗೆ ಕೊಳವೆ ಇಟ್ಟು ಕೇಳಿ, ಎದೆ ಚೆನ್ನಾಗಿದೆ, ಎದ್ದು ಓಡಾಡಿ ಎಂದಿದ್ದರು. ಜಂಫಿರಾ ಅವರಿಗೆ ಬಹಳ ಮರ್ಯಾದೆಯಿಂದ ಆಗಲಿ ಎಂದು ಹೇಳಿ, ಗೋಡೆಯ ಕಡೆ ಮುಖ ತಿರುಗಿಸಿದ್ದಳು. ಮಾರನೆಯ ದಿನ ಪೆಟ್ಟಿಗೆಯಿಂದ ತನ್ನನ್ನು ಮಣ್ಣುಮಾಡುವಾಗ ಉಡಿಸಬೇಕಾದ ಕಸೂತಿಯ ಅಂಗಿಯನ್ನು ತೆಗೆಸಿ, ಕಣ್ಣಿಗೆ ಬೀಳುವಂತೆ ಮೊಳೆಗೆ ನೇತುಹಾಕಿಸಿದಳು.

"ನನಗ್ಯಾಕೇ ದಿನ?" ಎಂದಳು ಈಗ. "ವರ್ಷ ಇರೋರು ದಿನ ತಗೋತಾರೆ."

"ಹಂಗೆಲ್ಲ ಅನ್ಬಾರ್ದಕ್ಕಾ."

"ನೀನು ಬಾಯಿ ಮುಚ್ಕೊಂಡು ಆ ಕೋಟು ತಗೊಂಡ್ಹೋಗು. ಆ ಅಂಗಿ ಪಕ್ಕದಲ್ಲಿದೆ ನೋಡು, ಕುರಿ ಚರ್ಮದ್ದು. ಹತ್ತು ವರ್ಷದಿಂದ ಅದರ ಮೇಲೆ ನಿನ್ ಕಣ್ಣು."

ಆಗ್ಲಾಯಾ ಸಾವೆತಾಳ ಮುಖ ನೋಡಿದಳು, ಕೋಟು ನೋಡಿದಳು. ಅದರ ಮೇಲೆ ತನ್ನ ಕಣ್ಣಿದ್ದದ್ದು ನಿಜವಾದ್ದರಿಂದ ಬೇಡವೆನ್ನಲು ತುಸು ತಡವಾಯಿತು. ಆಮೇಲೆ ತೋಳಿನ ಮೇಲೆ ಹಾಕಿಕೊಂಡು, ಸತ್ತವರ ಮನೆಯಿಂದ ಹೊರಡುವವಳಂತೆ ಹೋಗಿಬರುತ್ತೇನೆ ಎನ್ನದೆ ಹೊರಟಳು.

ಸಾವೆತಾ ಆ ರಾತ್ರಿ ಕೆಂಪು ಬಿಳಿ ನೂಲನ್ನು ಹೊಸೆದು ಗಂಡನ ಟೋಪಿ ತೂಗುವ ಗೂಟಕ್ಕೆ ಕಟ್ಟಿದಳು. ಬೆಟ್ಟದಾಚೆಯ ಸೀಮೆಯಲ್ಲಿ ಮಾರ್ಚ್ ಒಂದರ ಈ ನೂಲನ್ನು ಗಂಡಸರು ಹೆಂಗಸರಿಗೆ ಕೊಡುತ್ತಾರಂತೆ. ಇಲ್ಲಿ ಹೆಂಗಸರೇ ಕೊಡಬೇಕು. ಗಂಡ ಇಲಾರಿಯೆ ಕಾಡಿನಲ್ಲಿ ದಿಮ್ಮಿ ಉರುಳಿ ಸತ್ತ ಮೇಲೂ ಅವಳು ಅದನ್ನು ನಿಲ್ಲಿಸಿರಲಿಲ್ಲ. ಅವನು ಹೋದಾಗ ತವರಿನಿಂದ ಅಣ್ಣ ಗಾಡಿ ತಂದಿದ್ದ. ಅತ್ತೆ "ಹೋಗು" ಎನ್ನಲಿಲ್ಲ, "ಇರು" ಎಂದೂ ಅನ್ನಲಿಲ್ಲ. "ಹಸು ಕರಿಯೋ ಹೊತ್ತಾಯ್ತು" ಎಂದಳು. ಸಾವೆತಾ ಹೋಗಿ ಹಸು ಕರೆದಳು. ಅಣ್ಣ ಖಾಲಿ ಗಾಡಿ ಹೊಡೆದುಕೊಂಡು ಹೋದ. ಈಗ ಈ ಮುದುಕಿಯೂ ಹೋದರೆ, ಹಸು ಕರೆಯೋ ಹೊತ್ತಾಯಿತು ಎಂದು ಈ ಮನೆಯಲ್ಲಿ ಹೇಳುವವರು ಯಾರೂ ಉಳಿಯುವುದಿಲ್ಲ.

ಅಜ್ಜಿಯರ ದಿನಗಳ ಹಿಂದಿನ ಕಥೆಯನ್ನು ಅವಳಿಗೆ ಹೇಳಿದ್ದೂ ಈ ಅತ್ತೆಯೇ, ಮದುವೆಯಾದ ಮೊದಲ ಚಳಿಗಾಲದಲ್ಲಿ. ದೋಕಿಯಾ ಅಂತ ಒಬ್ಬ ಅತ್ತೆ. ಕರೀ ಉಣ್ಣೆಯನ್ನು ಬೆಳ್ಳಗಾಗುವವರೆಗೆ ತೊಳೆದು ತಾ ಎಂದು ಸೊಸೆಯನ್ನು ಹೆಪ್ಪುಗಟ್ಟಿದ ಹೊಳೆಗೆ ಅಟ್ಟಿದಳು. ಸೊಸೆ ಹೂವು ಹಿಡಿದು ವಾಪಸ್ಸು ಬಂದಳು. ಹೂವು ನೋಡಿ ವಸಂತ ಬಂತೆಂದುಕೊಂಡ ಅತ್ತೆ ಒಂಬತ್ತು ಕೋಟು ಹೇರಿಕೊಂಡು, ಕುರಿ ಹೊಡೆದುಕೊಂಡು ಚಹ್ಲೌ ಬೆಟ್ಟ ಹತ್ತಿದಳು. ಬಿಸಿಲೇರಿದಂತೆ ದಿನಕ್ಕೊಂದು ಕೋಟು ಕಳಚಿ ಎಸೆದಳು. ಒಂಬತ್ತನೆಯದೂ ಹೋದ ರಾತ್ರಿ ಹಿಮ ಸುರಿದು ಕುರಿಗಳ ಸಮೇತ ಕಲ್ಲಾದಳು. ಮೋಡವಿಲ್ಲದ ದಿನ ಆ ಕಲ್ಲು ಈ ಅಂಗಳದಿಂದಲೇ ಕಾಣುತ್ತದೆ. ಊರಿನ ಸೊಸೆಯರು ಈ ಕಥೆಯ ಕೊನೆಯ ಭಾಗವನ್ನು ಬಹಳ ನಿಧಾನವಾಗಿ ಹೇಳುತ್ತಾರೆ. ಜಂಫಿರಾ ಮಾತ್ರ ಕಥೆ ಮುಗಿಸಿ, ಒಂದು ಗಂಟು ಉಣ್ಣೆಯನ್ನು ಸೊಸೆಯ ಕೈಗಿತ್ತು ಹೊಳೆಗೆ ಕಳಿಸುತ್ತ ಹೇಳಿದ್ದಳು: "ನಾನು ಕೊಟ್ಟಿದ್ದು ಬಿಳೀದು. ಯಾರಾದ್ರೂ ಕೇಳಿದ್ರೆ ಅದನ್ನೂ ಹೇಳು."

ಮಾರ್ಚ್ ಒಂದು ಹಿತವಾಗಿತ್ತು. ಮೂರರಂದು ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಜಡಿಮಳೆ; ಆಗ್ಲಾಯಾ ಬೇಲಿಯ ಮೇಲಿಂದಲೇ ಕೂಗಿ, ಬೆಳಗ್ಗೆಯದು ತನಗೆ, ಮಧ್ಯಾಹ್ನದ್ದು ಗಂಡನಿಗೆ ಎಂದು ತೀರ್ಪು ಕೊಟ್ಟಳು. ನಾಲ್ಕರಂದು ಬೆಟ್ಟದಿಂದ ಗಾಳಿ ಇಳಿದು, ಸಂಜೆಯೊಳಗೆ ಬಾವಿಕಟ್ಟೆ ಹಿಮದಲ್ಲಿ ಮುಚ್ಚಿಹೋಯಿತು. ಕೊಟ್ಟಿಗೆಗೆ ದಾರಿ ತೋಡಿಕೊಂಡು ಹೋಗಿ ಬಂದ ಸಾವೆತಾ ಹಾಲಿನ ಬಕೆಟ್ಟು ಕೆಳಗಿಟ್ಟು, ಶಾಲಿನ ಮೇಲಿನ ಹಿಮ ಕೊಡವಿದಳು. ಮಂಚದಿಂದ ಎರಡು ಕಣ್ಣು ಅವಳನ್ನೇ ನೋಡುತ್ತಿದ್ದವು.

"ಇವತ್ತು ನಿಂದಲ್ವಾ?"

"ಹೂಂ."

ಸಾವೆತಾ ಸೂಪು ತಂದಿಟ್ಟಳು. ಅದು ಆರಿ ಹೋಯಿತು.

ಒಂಬತ್ತರ ಬೆಳಿಗ್ಗೆ ಬಾಗಿಲು ತೆರೆದರೆ ಅಂಗಳದ ತುಂಬ ಬಿಸಿಲು. ಸೂರಿನಿಂದ ನೀರು ಸುರಿಯುತ್ತಿತ್ತು. ಪ್ಲಮ್ ಮರದ ಕೊಂಬೆ ಕಪ್ಪಗೆ ಒದ್ದೆಯಾಗಿ ಮಿರುಗುತ್ತಿತ್ತು. ದೂರದಲ್ಲಿ ದೋಕಿಯಾಳ ಕಲ್ಲು ಸ್ಪಷ್ಟವಾಗಿ ಕಾಣುತ್ತಿತ್ತು. ಹುತಾತ್ಮರ ಹಬ್ಬದ ರೊಟ್ಟಿಗೆ ಹಿಟ್ಟು ಉಬ್ಬಿತ್ತು. ಸಾವೆತಾ ಅದನ್ನು ಹಗ್ಗದಂತೆ ಹೊಸೆದು, ತಲೆ ಮೈ ಇರುವ ಪುಟ್ಟ ಗೊಂಬೆಯ ಹಾಗೆ ಎರಡು ಸುತ್ತು ಸುತ್ತಿ ಒಲೆಗಿಟ್ಟಳು. ಬೆಂದ ಮೇಲೆ ಜೇನು ಸವರಿ, ಕುಟ್ಟಿದ ಅಕ್ರೋಟು ಉದುರಿಸತೊಡಗಿದಳು. ನೆರೆಹೊರೆಯವರಿಗೆ ಸತ್ತವರ ಹೆಸರಿನಲ್ಲಿ ಹಂಚಬೇಕು. ಮೊದಲನೆಯದು ಇಲಾರಿಯೆಯ ಹೆಸರಿನದು.

ಬಿಸಿಲು ಕಿಟಕಿಯಿಂದ ಇಳಿದು ಮಂಚದ ಕಾಲ ಬುಡಕ್ಕೆ ಬಂದಿತ್ತು.

"ಇವತ್ತು ಯಾರ ದಿನ?" ಜಂಫಿರಾ ಕೇಳಿದಳು.

"ಯಾರದೂ ಇಲ್ಲ ಅತ್ತೆ. ನೀವು ತಗೊಳ್ಳಲಿಲ್ಲ."

"ಇಂಥಾ ದಿನ ವ್ಯರ್ಥ ಹೋಯ್ತು."

"ಈಗ್ಲಾದ್ರೂ ನಂದು ಅನ್ನಿ. ಯಾರು ಕೇಳ್ತಾರೆ?"

"ನನಗ್ಬೇಡ." ಮುದುಕಿ ಬಿಸಿಲನ್ನೇ ನೋಡಿದಳು. "ನೀನು ತಗೋ."

"ನಂದು ಆಗ್ಹೋಯ್ತಲ್ಲ, ನಾಲ್ಕು."

"ಅದೂ ಒಂದು ದಿನಾನಾ? ನಾಯಿನೂ ಹೊರಗೆ ಹೋಗ್ಲಿಲ್ಲ ಅವತ್ತು. ಅಂಥಾ ವರ್ಷ ನಿನಗ್ಯಾಕೆ, ಇನ್ನೂ ಗಟ್ಟಿಮುಟ್ಟಾಗಿದ್ದೀಯ. ಅದನ್ನ ಇಲ್ಲಿ ಕೊಡು. ಇದನ್ನ ನೀನಿಟ್ಕೋ."

"ಹವೆ ನೋಡಿದ್ಮೇಲೆ ಬದಲಾಯಿಸೋ ಹಾಗಿಲ್ಲ ಅಂತ ನೀವೇ ಹೇಳಿದ್ದು."

"ಆ ಕಾನೂನು ನಿಂಗೆ ಹೇಳಿದ್ದು ಯಾರು?"

"ನೀವೇ."

"ಹಾಗಾದ್ರೆ ತೆಗೆಯೋಳೂ ನಾನೇ. ನಾಲ್ಕು ನಂದು. ಆಯ್ತಾ? ಮಲಗಿರೋಳಿಗೆ ಹಿಮ ಬಿದ್ರೇನು."

ಸಾವೆತಾ ಜೇನಿನ ಚಮಚವನ್ನು ನಿಧಾನವಾಗಿ ಬಟ್ಟಲಲ್ಲಿಟ್ಟಳು. ಕೈ ಒರೆಸಿಕೊಳ್ಳಲೂ ಮರೆತು ಮಂಚದ ಹತ್ತಿರ ಬಂದು ನಿಂತಳು.

"ಇನ್ನೊಂದ್ಸಲ ಹೇಳಿ ಅತ್ತೆ."

"ಕಿವಿ ಕೇಳಲ್ವೇನೇ? ನಾಲ್ಕು ನಂದು."

"ಹಾಗಾದ್ರೆ ವರ್ಷವೂ ನಿಮ್ದೇ."

ಜಂಫಿರಾ ದಿಂಬಿನಿಂದ ತಲೆ ಎತ್ತಿದಳು. ಸೊಸೆಯ ಕೆಟ್ಟ ದಿನವನ್ನು ತನ್ನೊಂದಿಗೆ ಕೊಂಡೊಯ್ಯಬಹುದೆಂದು ಅವಳು ಅಂದುಕೊಂಡಿದ್ದಳು. ಆ ದಿನದ ಹಿಂದೆ ಒಂದು ಇಡೀ ವರ್ಷ ಇತ್ತೆಂಬುದು ಹೊಳೆದಿರಲಿಲ್ಲ. ಎಂಬತ್ತು ದಾಟಿದ ಬದುಕಿನಲ್ಲಿ ಈ ವಿಷಯದಲ್ಲಿ ಅವಳು ತಪ್ಪಿದ್ದು ಇದೇ ಮೊದಲು.

"ನಾನು ದಿನ ಕೇಳಿದ್ದು," ಎಂದಳು ಕೊನೆಗೆ. ದನಿ ಸಣ್ಣದಾಗಿತ್ತು.

"ವರ್ಷ ಬಿಟ್ಟು ಬರೀ ದಿನ ಎಲ್ಲಿ ಸಿಗುತ್ತೆ ಅತ್ತೆ? ನೀವು ಅದನ್ನ ಬಿಟ್ಟು ಹೋದ್ರೆ ಹಿಮ ತಿರುಗಿ ನನ್ನ ತಲೆ ಮೇಲೇ ಬೀಳುತ್ತೆ." ಸಾವೆತಾಳಿಗೆ ಅಳು ಬಂದಿತ್ತು, ಕೈಯಲ್ಲಿ ಜೇನಿದ್ದುದರಿಂದ ಕಣ್ಣು ಒರೆಸಿಕೊಳ್ಳುವ ಹಾಗಿರಲಿಲ್ಲ.

ಮುದುಕಿ ಆ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ದೃಷ್ಟಿ ಮೊಳೆಗೆ ತೂಗಿದ ಕಸೂತಿಯ ಅಂಗಿಗೆ, ಅದರ ಪಕ್ಕದ ಖಾಲಿ ಮೊಳೆಗೆ ಹೋಯಿತು. ಹೊರಗೆ ಸೂರಿನಿಂದ ಹಿಮದ ಗಡ್ಡೆಯೊಂದು ಧೊಪ್ಪೆಂದು ಬಿತ್ತು.

"ಆಗ್ಲಾಯಾಗೆ ಹೇಳು," ಎಂದಳು, ಮೊಣಕೈ ಊರಿ ಏಳಲು ಹೆಣಗುತ್ತ. "ನನ್ನ ಕೋಟು ವಾಪಸ್ಸು ತಂದುಕೊಡ್ಬೇಕಂತೆ. ಈ ವರ್ಷ ಚಳಿ ಜಾಸ್ತಿ."

ಸಾವೆತಾ ಶಾಲು ಕೂಡ ಹೊದೆಯದೆ, ಜೇನಿನ ಕೈಯಲ್ಲೇ ಬೇಲಿಯತ್ತ ಓಡಿದಳು.