ಹಿತ್ತಲ ಗೋಡೆಯ ಗಾಳಿಬಾಯಿ

ಭವಾನಿ ನೆಟ್ಟಗೆ ಮಲಗಿ ನಿದ್ದೆ ಮಾಡಿ ವರ್ಷವೇ ಆಗಿತ್ತು. ಮಾಡಿದ ನಿದ್ದೆಯೆಲ್ಲ ಗೋಡೆಗೆ ದಿಂಬು ಕೊಟ್ಟು ಕೂತು ಮಾಡಿದ್ದೇ. ಹಿಟ್ನಾಳದ ಆ ಮನೆಗೆ ಹೆದ್ದಾರಿಯ ಧೂಳು, ಕಾರ್ಖಾನೆಯ ಕರಿಬೂದಿ ಎರಡೂ ಹೇಳದೆ ಕೇಳದೆ ಬರುವ ನೆಂಟರು. ಕಿಟಕಿ ತೆಗೆದರೆ ಉಬ್ಬಸ, ಮುಚ್ಚಿದರೆ ಧಗೆ. ಹೀಗಾದರೆ ಮನುಷ್ಯರು ಬದುಕುವುದಾದರೂ ಹೇಗೆ ಹೇಳಿ!

ಕೊನೆಗೆ ಗಂಡ ಪ್ರಭುರಾಜ ಕೊಪ್ಪಳದಿಂದ ಗಾಳಿಯಂತ್ರ ತರಿಸಿದ. ಹೊರಗಿನ ಗಾಳಿಯನ್ನು ಎಳೆದು, ಧೂಳು ಸೋಸಿ, ಕೊಳವೆಯಲ್ಲಿ ಮಲಗುವ ಕೋಣೆಗೆ ತಂದುಬಿಡುವ ಯಂತ್ರ. ಜೋಡಿಸಲು ಬಂದ ವಿರುಪಾಕ್ಷಿ ಮನೆಯ ಸುತ್ತ ತಿರುಗಾಡಿ, ರಸ್ತೆಯ ಕಡೆ ಬೇಡ, ಅಡುಗೆಮನೆಯ ಮಗ್ಗುಲಿಗೂ ಬೇಡ ಎಂದು, ಹಿತ್ತಲ ಗೋಡೆಯಲ್ಲಿ ಸೂರ್ಯಕಾಂತಿ ಹೊಲದ ಕಡೆಗೆ ಆಳೆತ್ತರದಲ್ಲಿ ತೂತು ಕೊರೆದು ಜಾಲರಿ ಹಾಕಿದ. ಮನೆಯವರು ಅದಕ್ಕೆ ಗಾಳಿಬಾಯಿ ಎಂದು ಹೆಸರಿಟ್ಟರು.

ಆ ರಾತ್ರಿ ಭವಾನಿ ಧೈರ್ಯ ಮಾಡಿ ತುಸು ಒರಗಿದಳು. ಕಣ್ಣು ಮುಚ್ಚುತ್ತಲೇ ಗಾಳಿ ಆನೆಗೊಂದಿಯ ಬಂಡೆಗಳ ನಡುವೆ ಹೊಳೆ ದಾಟಿ, ಬಾಳೆತೋಟದಲ್ಲಿ ತಣ್ಣಗಾಗಿ, ಅವಳ ಕೋಣೆ ಹುಡುಕಿಕೊಂಡು ನಡೆದು ಬಂತು. ಅವಳೂ ನೆಲ ಬಿಟ್ಟು, ಅದರ ಕೈ ಹಿಡಿದು ಹೂವಿನ ಹೊಲದ ಮೇಲೆ ತೇಲಿದಳು. ಬೆಳಗಿನ ಜಾವಕ್ಕೆ ಹೂವೆಲ್ಲ ಇದ್ದಕ್ಕಿದ್ದಂತೆ ಹೊಗೆಯಾದವು. ಎದೆ ಹಿಡಿದುಕೊಂಡು ಎದ್ದು ಕೂತಳು.

ಮರುದಿನವೂ ಅದೇ ಕಥೆ, ಅದರ ಮರುದಿನವೂ. ಪ್ರಭುರಾಜನಿಗೆ ಪಕ್ಕದ ಮನೆಯ ಚಾಂದಬೀಯ ನೀರೊಲೆಯ ಮೇಲೆ ಅನುಮಾನ. ಪಾಪ, ಆಕೆ ಒಲೆಯನ್ನು ಆಚೆ ಮೂಲೆಗೆ ಸರಿಸಿದಳು. ಉಬ್ಬಸ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಜಾಗ ತಪ್ಪಿದೆ, ಬೇರೆ ಗೋಡೆ ಕೊರೆಯೋಣ ಎಂದು ವಿರುಪಾಕ್ಷಿ ಫೋನಿನಲ್ಲಿ ಹೇಳಿದ. ಭವಾನಿಗೆ ಸಾಕುಸಾಕಾಗಿತ್ತು. ಯಂತ್ರ ವಾಪಸು ಕಳಿಸಿ, ಉಳಿದ ಆಯುಷ್ಯವನ್ನೆಲ್ಲ ಕೂತೇ ಕಳೆಯುತ್ತೇನೆ ಎಂದು ಅತ್ತುಬಿಟ್ಟಳು.

ಮಾರನೆಯ ಬೆಳಗಿನ ಜಾವ ಕನಸಿನ ಹೊಗೆ ಮೂಗಿಗೆ ಬಡಿಯುತ್ತಲೇ, ಅರೆಗಣ್ಣಿನಲ್ಲಿ ಗೋಡೆ ಹಿಡಿದುಕೊಂಡು ಹಿತ್ತಲಿಗೆ ನಡೆದಳು. ಅಲ್ಲಿ ಅತ್ತೆ ಕಳಕಮ್ಮ, ದಿನದಂತೆ ಎಲ್ಲರಿಗಿಂತ ಮೊದಲೇ ಎದ್ದವಳು, ಮಿಂದ ಒದ್ದೆ ಕೂದಲಲ್ಲಿ ನಿಂತಿದ್ದಳು. ಗಾಳಿಬಾಯಿಗೆ ವಿಭೂತಿ ಬಳಿದು ಸೇವಂತಿಗೆ ಮುಡಿಸಿದ್ದಳು. ಜಾಲರಿಯ ಸಂದಿಯಲ್ಲಿ ಊದಿನಕಡ್ಡಿಗಳು ಉರಿಯುತ್ತಿದ್ದವು, ಅವಳ ಕೈಯಲ್ಲಿ ಲೋಬಾನ ಹಾಕಿದ ಧೂಪಾರತಿ. ಹೊಗೆ ಎಳ್ಳಷ್ಟೂ ಪೋಲಾಗದೆ ಒಳಗೆ ಹೋಗುತ್ತಿತ್ತು. ಹೊಸ ಟ್ರ್ಯಾಕ್ಟರಿಗೆ, ಹಿಟ್ಟಿನ ಗಿರಣಿಗೆ ಪೂಜೆ ಮಾಡುವ ಜನ. ಸೊಸೆಗೆ ಉಸಿರು ಕೊಡುವ ಬಾಯಿಯನ್ನು ಸುಮ್ಮನೆ ಬಿಡುತ್ತಾರೆಯೇ?

"ನನ್ನ ಸೊಸಿ ಅಡ್ಡಾಗಿ ಮಲಗೂ ಹಂಗ ಮಾಡಪ್ಪ," ಎಂದು ಬೇಡಿಕೊಳ್ಳುತ್ತಿದ್ದಳು.

ಭವಾನಿಗೆ ನಗುವೂ ಅಳುವೂ ಕೆಮ್ಮಿನ ಜೊತೆಗೇ ಒತ್ತರಿಸಿ ಬಂದವು. ಕಳಕಮ್ಮ ತಿರುಗಿದಳು. ಸೊಸೆಯ ಏದುಸಿರು ನೋಡಿ, ಮತ್ತೆ ಆ ಹೊಗೆ ಹೋಗುವ ದಾರಿ ನೋಡಿದಳು. ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

"ನಾನ ನಿನ್ನ ಕೊಲ್ಲಾಕ ಹತ್ತಿದ್ನೆಲ್ಲವ್ವ," ಎಂದು ಧೂಪಾರತಿ ಕೆಳಗಿಟ್ಟು ಅಲ್ಲೇ ಕುಸಿದಳು.

ಭವಾನಿ ಪಕ್ಕದಲ್ಲಿ ಕೂತು ಆ ಮುದಿ ಕೈ ಹಿಡಿದಳು. "ಹೊಗಿ ಬ್ಯಾಡ್ರಿ ಅತ್ತಿ. ಬೇಡಿಕೊಳ್ಳೂದು ಬಿಡಬ್ಯಾಡ್ರಿ."

ಮರುದಿನ ಬೆಳಕು ಹರಿಯುವ ಹೊತ್ತಿಗೆ ಭವಾನಿಗೆ ಎಚ್ಚರವಾಯಿತು. ನೆಟ್ಟಗೆ, ಬೆನ್ನಿಡೀ ಹಾಸಿಗೆಗೆ ತಾಗಿಸಿ ಮಲಗಿದ್ದಳು. ಕೊಳವೆಯೊಳಗಿಂದ ತಣ್ಣನೆ ಗಾಳಿಯ ಜೊತೆ ಅತ್ತೆಯ ದನಿ ಮೆತ್ತಗೆ ಇಳಿಯುತ್ತಿತ್ತು. ದೇವರ ಹೆಸರು ಅದರಲ್ಲಿರಲಿಲ್ಲ.

"ಮಲಕೋ ನನ್ನವ್ವ ಭವಾನಿ. ಇನ್ನೂ ಹೊತ್ತೈತಿ, ಮಲಕೋ."